ಅರ್ಜಿ ಬರೆಯುವ ಕೈ ಯಾರದು?

ಒಂದು ಊರಿಗೆ ಎಷ್ಟು ಸೊಳ್ಳೆಪರದೆ ಬೇಕು ಎಂದು ಲೆಕ್ಕ ಹಾಕಲು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೊಂದಿದೆ: ಜನಸಂಖ್ಯೆಯನ್ನು 1.8ರಿಂದ ಭಾಗಿಸಬೇಕು. ಒಂದು ಪರದೆಯೊಳಗೆ ಇಬ್ಬರು ಮಲಗಬಹುದು; ಆದರೆ ಮೂವರೋ ಐವರೋ ಇರುವ ಮನೆಯಲ್ಲಿ ಒಬ್ಬರು ಹೊರಗುಳಿಯುತ್ತಾರಲ್ಲ, ಅವರಿಗಾಗಿ ಎರಡನ್ನು 1.8ಕ್ಕೆ ಇಳಿಸಿದ್ದಾರೆ. ಭಾಗಾಕಾರ ಯಾರಿಗಾದರೂ ಬರುತ್ತದೆ. ತೊಡಕಿರುವುದು ಭಾಗಿಸಬೇಕಾದ ಸಂಖ್ಯೆಯಲ್ಲಿ. ಜಗತ್ತಿನ ಮಲೇರಿಯಾ ಹೊರೆಯಲ್ಲಿ ನೈಜೀರಿಯಾದ ನಂತರದ ಸ್ಥಾನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಆ ದೇಶದ ಕೊನೆಯ ಜನಗಣತಿ ನಡೆದದ್ದು 1984ರಲ್ಲಿ. ಅಲ್ಲಿಂದೀಚೆಗೆ ಯುದ್ಧಗಳಾಗಿವೆ, ಲಕ್ಷಾಂತರ ಜನ ಊರು ಬಿಟ್ಟಿದ್ದಾರೆ, ಇಲ್ಲದ ಕಡೆ ಊರುಗಳು ಎದ್ದಿವೆ. ಹಳೆಯ ಅಂಕಿಯನ್ನೇ ಅಂದಾಜಿನ ಮೇಲೆ ಹಿಗ್ಗಿಸಿ, ಪರದೆಗೆ ಹೊರಗಿನ ಹಣ ಕೇಳುವ ಅರ್ಜಿಯಲ್ಲಿ ತುಂಬಿದರೆ, ಪರದೆಯ ಮೂಟೆಗಳು ಬಂದಿಳಿದ ದಿನ ಒಂದು ಊರಿನಲ್ಲಿ ಮಿಕ್ಕುತ್ತವೆ, ಇನ್ನೊಂದರಲ್ಲಿ ಕೊನೆಯ ಓಣಿಗೆ ಬರುವ ಹೊತ್ತಿಗೆ ಮುಗಿದಿರುತ್ತವೆ. ಅರ್ಜಿಯ ಫ್ರೆಂಚ್ ಎಷ್ಟೇ ಚೊಕ್ಕವಾಗಿದ್ದರೂ ಆ ಓಣಿಯ ಕೂಸುಗಳಿಗೆ ಸೊಳ್ಳೆ ಕಚ್ಚುವುದು ತಪ್ಪುವುದಿಲ್ಲ.

ಸಾಂಕ್ರಾಮಿಕ ರೋಗಗಳ ವಿರುದ್ಧ ಹೋರಾಡಲು ಬಡ ದೇಶಗಳಿಗೆ ಹೊರಗಿನ ಹಣ ದೊರಕಿಸಿಕೊಡುವುದೆಂದರೆ ನಿಜವಾಗಿ ಏನು ಎಂಬ ಪ್ರಶ್ನೆ ಏಳುವುದು ಇಲ್ಲಿ. ಏಡ್ಸ್, ಕ್ಷಯ, ಮಲೇರಿಯಾಗಳಿಗಾಗಿ 2002ರಲ್ಲಿ ಜಿನೀವಾದಲ್ಲಿ ಗ್ಲೋಬಲ್ ಫಂಡ್ ಆರಂಭವಾದಾಗ ಅದರ ಹಿಂದಿದ್ದ ವಿಚಾರ ದೊಡ್ಡದು: ಏನು ಬೇಕೆಂದು ದೇಶವೇ ಹೇಳಲಿ, ಹಾಗೆ ಹೇಳುವ ಸಮಿತಿಯಲ್ಲಿ ಸರ್ಕಾರದ ಜೊತೆ ರೋಗಿಗಳೂ ಕೂರಲಿ. ಕಾಗದದ ಮೇಲೆ ಅದು ಇಂದಿಗೂ ಹಾಗೆಯೇ ಇದೆ. ಆದರೆ ಅರ್ಜಿ ಎಂದರೆ ಒಂದು ಪತ್ರವಲ್ಲ. ಕೊರತೆಯ ಕೋಷ್ಟಕ, ಗುರಿಯ ಕೋಷ್ಟಕ, ಒಂದೊಂದು ಮಾತ್ರೆಗೂ ಬೆಲೆ ಕಟ್ಟಿದ ಬಜೆಟ್ ಎಲ್ಲ ಸೇರಿದ ದೊಡ್ಡ ಕಡತ. ಗಡುವು ಹತ್ತಿರವಾದಂತೆ ಅದನ್ನು ಬರೆದುಕೊಡಲು ಹೊರಗಿನ ಕನ್ಸಲ್ಟೆಂಟರು ಬರುವುದು ರೂಢಿಯಾಯಿತು. ಫ್ರಾನ್ಸ್ 2011ರಲ್ಲಿ ತನ್ನ ದೇಣಿಗೆಯ ಶೇಕಡಾ 5ರಷ್ಟನ್ನು ಇಂಥ ತಾಂತ್ರಿಕ ನೆರವಿಗೆಂದೇ ಎತ್ತಿಟ್ಟಿತು. ಆ ನೆರವು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ತನ್ನ ರೋಗವನ್ನು ತಾನೇ ಎಣಿಸಿ, ಯಾವುದು ಮೊದಲು ಯಾವುದು ಆಮೇಲೆ ಎಂದು ತಾನೇ ಹೇಳುವ ಶಕ್ತಿ ದೇಶದೊಳಗೆ ಬೆಳೆಯಲು ಅದರ ದೊಡ್ಡ ಪಾಲು ಸಲ್ಲಬೇಕು ಎನ್ನುವುದಷ್ಟೇ ನನ್ನ ವಾದ. ಕಡತ ಬರೆದ ಕೈ ದೇಶದ್ದಲ್ಲವಾದರೆ ಕಾರ್ಯಕ್ರಮವೂ ದೇಶದ್ದಾಗುವುದು ಕಷ್ಟ.

ಮಲಾವಿಯನ್ನು ನೋಡಿ. ಅಲ್ಲಿನ ಏಡ್ಸ್ ಚಿಕಿತ್ಸೆಯ ಮೊದಲ ಯೋಜನೆಗೆ ಏನಾಯಿತೆಂದು ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ ದಾಖಲಿಸಿದ್ದಾರೆ. ಸುಮಾರು 3 ಲಕ್ಷ ಜನರಿಗೆ ಔಷಧಿ ಕೊಡುವ ಯೋಜನೆ ಅದು. ಇದು ಅತಿಯಾಯಿತು ಎಂದು ದಾನಿಗಳು ಹೇಳಿದಾಗ ಸಂಖ್ಯೆ 1 ಲಕ್ಷಕ್ಕೆ ಇಳಿಯಿತು, ಮತ್ತೆ 40,000ಕ್ಕೆ, ಕೊನೆಗೆ ಹಣ ಮಂಜೂರಾದದ್ದು 25,000 ಜನರಿಗೆ. ಸಾಯುತ್ತಿದ್ದವರ ಸಂಖ್ಯೆ ಮಾತ್ರ ಇಳಿದಿರಲಿಲ್ಲ. ಇಳಿದದ್ದು ಕೇಳುವ ಧೈರ್ಯ. ಇದೇ ದೇಶ 2011ರಲ್ಲಿ ಮಾಡಿದ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಎಚ್‌ಐವಿ ಇರುವ ಗರ್ಭಿಣಿಯ ರಕ್ತದಲ್ಲಿ ಸಿಡಿ4 ಎಂಬ ರೋಗನಿರೋಧಕ ಕಣಗಳನ್ನು ಎಣಿಸಿ, ಅದರ ಪ್ರಕಾರ ಜೀವನಪರ್ಯಂತ ಔಷಧಿ ಕೊಡಬೇಕೋ ಬೇಡವೋ ತೀರ್ಮಾನಿಸಿ ಎನ್ನುತ್ತಿತ್ತು ಆಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ. ಮಲಾವಿಯ ಬಹುಪಾಲು ಹಳ್ಳಿ ಆಸ್ಪತ್ರೆಗಳಲ್ಲಿ ಹಾಗೆ ಎಣಿಸುವ ಯಂತ್ರವೇ ಇರಲಿಲ್ಲ. ಮೈಲುಗಟ್ಟಲೆ ನಡೆದು ಬಂದ ಬಸುರಿಯನ್ನು ರಕ್ತ ಪರೀಕ್ಷೆಗೆ ಇನ್ನೊಂದು ಊರಿಗೆ ಕಳಿಸಿದರೆ ಅವಳು ತಿರುಗಿ ಬರುವ ಭರವಸೆಯೂ ಇರಲಿಲ್ಲ. ಹೆರಿಗೆಯಾಗಿ, ಮೊಲೆಯೂಡಿಸಿ, ಮತ್ತೆ ಬಸುರಾಗುವ ಹೆಂಗಸಿಗೆ ಔಷಧಿ ನಿಲ್ಲಿಸುವುದು, ಮತ್ತೆ ಶುರುಮಾಡುವುದು ಅರ್ಥವಿಲ್ಲದ ಕೆಲಸ ಎಂಬುದು ಅಲ್ಲಿನ ವೈದ್ಯರಿಗೆ ಗೊತ್ತಿತ್ತು. ಹಾಗಾಗಿ ಯಂತ್ರದ ಎಣಿಕೆಗೆ ಕಾಯದೆ ಅಂಥ ಎಲ್ಲ ಗರ್ಭಿಣಿಯರಿಗೂ ಬದುಕಿರುವ ತನಕ ಔಷಧಿ ಕೊಡುವ ನೀತಿಯನ್ನು ಮಲಾವಿ ತಂದಿತು. ಎರಡೇ ವರ್ಷದಲ್ಲಿ, 2013ರಲ್ಲಿ, ಅದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗೂ ಸೇರಿತು. ಹೊರಗಿನಿಂದ ಬಂದು ಅರ್ಜಿ ಬರೆದುಕೊಡುವವರು ಆಗಿನ ಮಾರ್ಗಸೂಚಿಯನ್ನು ಚಾಚೂ ತಪ್ಪದೆ ಅನುಸರಿಸುತ್ತಿದ್ದರು. ಅದು ಅವರ ಕಸುಬಿನ ಧರ್ಮ. ಮಾರ್ಗಸೂಚಿಯನ್ನು ಮೀರುವ ಅರಿವು ಹುಟ್ಟುವುದು ಆ ಬಸುರಿಯನ್ನು ದಿನವೂ ಕಾಣುವವರಲ್ಲಿ.

ಇಂಥ ಅರಿವನ್ನು ಹೊರಗಿನ ನೆರವಿನಿಂದಲೇ ಬೆಳೆಸಬಹುದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾದಾಗ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳ ಬೆಂಬಲವಿತ್ತು. ಹಳ್ಳಿಯವರಿಗೆ ರೋಗದ ತಿಳಿವಳಿಕೆಯಿಲ್ಲ, ಅವರಾಗಿ ಬರುವುದಿಲ್ಲ, ನಾವೇ ಎಕ್ಸ್‌ರೇ ವಾಹನ ತೆಗೆದುಕೊಂಡು ಹೋಗಬೇಕು ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ವಿಚಾರಿಸಿದಾಗ ಕಂಡದ್ದು ಬೇರೆ. ಬಹಳಷ್ಟು ಜನರಿಗೆ ತಮ್ಮ ಕೆಮ್ಮಿನ ಬಗ್ಗೆ ಚಿಂತೆಯಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಔಷಧಿಗೆ ಹೋಗಿಬಂದಿದ್ದರು. ಹೋದವರಿಗೆ ಆಸ್ಪತ್ರೆಯಲ್ಲಿ ಸಿಗುತ್ತಿದ್ದದ್ದು ಕೆಮ್ಮಿನ ಔಷಧಿಯ ಒಂದು ಬಾಟಲಿ. ಹಾಗಾದರೆ ಬೇಕಾದದ್ದು ಹಳ್ಳಿ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡದ್ದು ಇದೇ ತಿಳಿವಿನ ಮೇಲೆ. ಮುಂದೆ ಆ ಕಾರ್ಯಕ್ರಮ ಹಣವಿಲ್ಲದೆ ಸೊರಗಿದ್ದು ನಿಜ. ಆದರೂ ರೋಗಿಗಳನ್ನೇ ಕೇಳಿದ್ದರಿಂದ ಗೊತ್ತಾದದ್ದು ಇಂದಿಗೂ ಹಳೆಯದಾಗಿಲ್ಲ.

ಇದಕ್ಕೆಲ್ಲ ವ್ಯವಧಾನ ಎಲ್ಲಿದೆ ಎಂದು ಕೇಳುವವರಿದ್ದಾರೆ. 2023ರೊಂದರಲ್ಲೇ ಕ್ಷಯದಿಂದ 12.5 ಲಕ್ಷ ಜನ, ಮಲೇರಿಯಾದಿಂದ ಸುಮಾರು 6 ಲಕ್ಷ ಜನ ಸತ್ತರು. ಕನ್ಸಲ್ಟೆಂಟ್ ಬರೆದ ಅರ್ಜಿಯಿಂದ ಔಷಧಿ ಬೇಗ ಬರುವುದಾದರೆ ಬರಲಿ ಎನ್ನುವ ಮಾತನ್ನು ನಾನು ತಳ್ಳಿಹಾಕಲಾರೆ. ಈ ಸಲದ ಅರ್ಜಿಗೆ ಅದು ಸರಿ. ಆದರೆ ಗ್ಲೋಬಲ್ ಫಂಡಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ತುರ್ತು ಎಂಬ ಕಾರಣ ಇಪ್ಪತ್ತು ವರ್ಷಕ್ಕೂ ಸಲ್ಲುವುದಿಲ್ಲ. ಹಣ ದುರುಪಯೋಗವಾದೀತೆಂಬ ಭಯ ಇನ್ನೊಂದು. 2005ರ ಆಗಸ್ಟಿನಲ್ಲಿ ಉಗಾಂಡಾದ ಅನುದಾನಗಳನ್ನೆಲ್ಲ ನಿಲ್ಲಿಸಬೇಕಾಗಿ ಬಂದದ್ದು ಉಂಟು, ಭಯಕ್ಕೆ ಕಾರಣವಿದೆ. ಆದರೆ ಅಲ್ಲಿ ಎಡವಿದ್ದು ಆ ಹಣಕ್ಕೆಂದೇ ಬೇರೆಯಾಗಿ ಕಟ್ಟಿದ್ದ ಘಟಕ. ಎಲ್ಲರ ಕಣ್ಣಿಗೆ ಬೀಳುವ ದಿನನಿತ್ಯದ ಆಡಳಿತದ ಪಕ್ಕಕ್ಕೆ ಅವಸರದಲ್ಲಿ ಎಬ್ಬಿಸಿದ ವ್ಯವಸ್ಥೆಗೆ ಕಾವಲೂ ಕಡಿಮೆ. ಇನ್ನು ಬೇಡುವುದೇಕೆ, ತಾವೇ ಖರ್ಚು ಮಾಡಲಿ ಎನ್ನುವವರಿಗೆ 2001ರ ಅಬುಜಾ ಘೋಷಣೆ ಆಧಾರ. ಬಜೆಟ್ಟಿನ ಶೇಕಡಾ 15ನ್ನು ಆರೋಗ್ಯಕ್ಕೆ ಕೊಡುತ್ತೇವೆಂದ ಆಫ್ರಿಕಾದ ದೇಶಗಳಲ್ಲಿ ಬಹುಪಾಲು ಆ ಗುರಿ ಮುಟ್ಟಿಲ್ಲ, ಆ ದೂರು ನ್ಯಾಯವೇ. ಆದರೆ ತನ್ನ ಹಣಕಾಸು ಸಚಿವಾಲಯದಿಂದ ಹಣ ಕೇಳಲು ಆರೋಗ್ಯ ಸಚಿವರಿಗೆ ಬೇಕಾದ್ದೂ ಅದೇ ಲೆಕ್ಕ: ಎಷ್ಟು ರೋಗಿಗಳು, ಎಲ್ಲಿ, ಎಷ್ಟು ಖರ್ಚು. ಜಿನೀವಾಕ್ಕೆ ಅರ್ಜಿ ಬರೆಯಲು ಕಲಿತ ದೇಶ ತನ್ನ ಖಜಾನೆಯ ಮುಂದೆಯೂ ವಾದ ಮಾಡಬಲ್ಲದು.

2025ರಲ್ಲಿ ಈ ಕಲಿಕೆಯ ಬೆಲೆ ಕಣ್ಣಿಗೆ ಬಿತ್ತು. ದಾನಿ ದೇಶಗಳು ಕೈ ಬಿಗಿ ಹಿಡಿದಾಗ ಗ್ಲೋಬಲ್ ಫಂಡ್ ಆಗಲೇ ಕೊಟ್ಟಿದ್ದ ಅನುದಾನಗಳಲ್ಲಿ 143 ಕೋಟಿ ಡಾಲರನ್ನು ನಡುದಾರಿಯಲ್ಲಿ ಕಡಿತಗೊಳಿಸಿತು. ನವೆಂಬರಿನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 1,800 ಕೋಟಿ ಡಾಲರ್ ಕೇಳಿದ್ದಕ್ಕೆ ಬಂದ ವಾಗ್ದಾನ 1,134 ಕೋಟಿ. ಪರದೆ ಉಳಿಸಬೇಕೋ, ಮನೆಮನೆಗೆ ಹೋಗುವ ಕಾರ್ಯಕರ್ತೆಯ ಭತ್ಯೆ ಉಳಿಸಬೇಕೋ ಎಂದು ದೇಶಗಳು ತೀರ್ಮಾನಿಸಬೇಕಾದ ಹೊತ್ತು ಇದು. ತನ್ನ ಅರ್ಜಿಯ ಒಂದೊಂದು ಸಾಲು ಏಕೆ ಅಲ್ಲಿದೆ ಎಂದು ಬಲ್ಲ ದೇಶ ಇದಕ್ಕೆ ಉತ್ತರ ಹೇಳಬಲ್ಲದು. ಬರೆಸಿಕೊಂಡ ದೇಶ ಬರೆದವರಿಗೇ ಮತ್ತೆ ಹೇಳಿಕಳಿಸಬೇಕು. ಮುಂದಿನ ಸುತ್ತಿನ ಅರ್ಜಿಗೆಂದು ಎತ್ತಿಡುವ ನೆರವಿನಲ್ಲಿ ಮೊದಲ ಕಂತು ಕಾಂಗೋದ ಹಳ್ಳಿಗಳಲ್ಲಿ ಮನೆಯ ಬಾಗಿಲಲ್ಲಿ ನಿಂತು ಒಳಗೆ ಎಷ್ಟು ಜನ ಮಲಗುತ್ತಾರೆಂದು ಕೇಳಿ ಬರೆದುಕೊಳ್ಳುವವರ ದಿನಗೂಲಿಗೆ ಹೋಗಲಿ.