ಮನೆಯೊಳಗಿನ ಎಳೆಯ ಜಂಗಮ

ತಾಳಿಕೋಟೆಯ ಹೆಸರನ್ನು ಕೇಳಿದೊಡನೆ ಹೊರನಾಡಿನವರ ನೆನಪಿಗೆ ಬರುವುದು 1565ನೆಯ ಇಸವಿಯೊಂದೇ. ವಿಜಯನಗರದ ವೈಭವಕ್ಕೆ ಕೊನೆಗಾಣಿಸಿದ ಆ ಕಾಳಗದ ನೆಲವು ಊರಿನಿಂದ ದೂರ ಕೃಷ್ಣೆಯ ಕಡೆಗೆ ಇದ್ದಿತು. ಆದುದರಿಂದಲೇ ಅದನ್ನು ರಕ್ಕಸತಂಗಡಿಯ ಕಾಳಗವೆಂದೂ ಕರೆಯುವರು. ಆದರೂ ಅದರ ಹೆಸರು ಡೋಣಿಯ ಸೀಮೆಯ ಈ ಊರಿಗೆ ಅಂಟಿಕೊಂಡು ನಾಲ್ಕೂವರೆ ಶತಮಾನಗಳು ಕಳೆದುವು. ಚರಿತ್ರೆಯ ಪುಸ್ತಕಗಳು ಅರಸರು ಅಳಿದ ದಿನಗಳನ್ನು ಬರೆದಿಡುವುವು. ಅದೇ ಊರಿನ ಓಣಿಗಳಲ್ಲಿ, ಒಂದೊಂದು ಮನೆಯಲ್ಲಿಯೂ, ಯಾವ ಪುಸ್ತಕದಲ್ಲಿಯೂ ಇಲ್ಲದ ಬೇರೊಂದು ದಿನವನ್ನು ತಾಯಿತಂದೆಗಳು ನೆನಪಿನಲ್ಲಿಟ್ಟಿರುವರು. ಅದು ಮಗುವು ಹುಟ್ಟಿದ ದಿನ. ಈ ದಿನವನ್ನು ಶಿವಭಕ್ತರಾದ ಗೃಹಸ್ಥರು ಯಾವ ಬಗೆಯಲ್ಲಿ ಆಚರಿಸಿದರೆ ಅದು ಸಾರ್ಥಕವಾಗುವುದು ಎಂಬುದೇ ಇಲ್ಲಿಯ ವಿಚಾರ.

ವಿಷಯವು ತಿಳಿಯಾಗಬೇಕಾದರೆ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳುವುದು ಲೇಸು. ತಾಳಿಕೋಟೆಯಲ್ಲಿ ಕಾಳುಕಡಿಯ ವ್ಯಾಪಾರ ಮಾಡುವ ಒಬ್ಬ ಗೃಹಸ್ಥನಿರುವನೆಂದು ಭಾವಿಸಿರಿ. ಮನೆಯಲ್ಲಿ ಅವನ ಹೆಂಡತಿ, ವೃದ್ಧಳಾದ ತಾಯಿ, ಇಬ್ಬರು ಮಕ್ಕಳು. ಹಿರಿಯವನಿಗೆ ಎರಡು ವರ್ಷ ತುಂಬಿ ಮೂರನೆಯದು ಹಿಡಿಯುವುದು. ಕಿರಿಯಳು ಒಂಬತ್ತು ತಿಂಗಳ ಹೆಣ್ಣುಕೂಸು. ಮೊನ್ನೆಮೊನ್ನೆಯವರೆಗೂ ಆ ಕೂಸು ಹಾಸಿದ ಕೌದಿಯ ಮೇಲೆ ಇಟ್ಟಲ್ಲಿಯೇ ಇರುತ್ತಿದ್ದಿತು. ಈಗ ಒಂದು ವಾರದಿಂದ ಮೊಣಕಾಲೂರಿ ಅಂಬೆಗಾಲಿಕ್ಕುತ್ತ ಪಡಸಾಲೆಯಿಂದ ಅಡುಗೆಮನೆಯ ಹೊಸ್ತಿಲಿನವರೆಗೆ ಬರಲಾರಂಭಿಸಿದೆ.

ಹಿರಿಯ ಮಗನ ಹುಟ್ಟಿದ ದಿನವು ಬಂದಿತು. ಹೋದ ವರ್ಷ ಮೊದಲನೆಯ ಮಗುವೆಂದು ಸಡಗರ ನಡೆದಿದ್ದಿತು. ಈ ವರ್ಷ ಕಡಿಮೆ ಮಾಡಿದರೆ ನೆಂಟರು ಏನೆಂದಾರೆಂದು ತಂದೆಯು ಕೈಗಡ ತಂದನು. ಪೇಟೆಯಿಂದ ಕೇಕು ಬಂದಿತು, ಗೋಡೆಗೆಲ್ಲ ಪುಗ್ಗೆಗಳನ್ನು ಕಟ್ಟಿದರು, ಗೋಧಿಹುಗ್ಗಿಯ ದೊಡ್ಡ ಪಾತ್ರೆಯನ್ನು ಒಲೆಯಿಂದಿಳಿಸಿ ಅಡುಗೆಮನೆಯ ನೆಲದ ಮೇಲಿಟ್ಟರು. ಮೂವತ್ತು ಜನರು ಪಡಸಾಲೆಯಲ್ಲಿ ಸೇರಿದರು. ಎಲ್ಲರ ಕಣ್ಣೂ ಹೊಸ ಅಂಗಿ ತೊಟ್ಟ ಹುಡುಗನ ಮೇಲೆ. ಮೊಬೈಲುಗಳೆಲ್ಲ ಅವನ ಕಡೆಗೇ. ಆ ಹೊತ್ತಿನಲ್ಲಿ "ಆಯೀ, ತಂಗಿ! ತಂಗಿ!" ಎಂದು ಕೂಗಿದವನು ಆ ಹುಡುಗನೇ. ಮುದುಕಿಯು ತಿರುಗಿ ನೋಡಿದಳು. ಕೂಸು ಹೊಸ್ತಿಲು ದಾಟಿ ಹೊಗೆಯಾಡುವ ಪಾತ್ರೆಯ ಕಡೆಗೆ ಸಾಗಿದ್ದಿತು. ಮೊಳದಷ್ಟು ದೂರ ಉಳಿದಿರಲು ಅವಳು ಹೋಗಿ ಎತ್ತಿಕೊಂಡಳು.

ಬಂದವರು ಉಂಡು ಹೋದ ಮೇಲೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಗಂಡನು ಹೆಂಡತಿಯನ್ನು ಅಂದನು. ಹೆಂಡತಿಯು, ಪಾತ್ರೆಯನ್ನು ಕೆಳಗಿಡಿಸಿದವರು ಯಾರೆಂದು ಕೇಳಿದಳು. ಆಗ ಮುದುಕಿಯು ಇಬ್ಬರಿಗೂ ಹೇಳಿದಳು: "ತಪ್ಪು ಯಾರದು ಅಂತ ಕೇಳಬ್ಯಾಡ್ರಿ. ಕೂಸು ಯಾರ ಕೈಯಾಗ ಇತ್ತು ಅಂತ ಕೇಳ್ರಿ. ಯಾರ ಕೈಯಾಗೂ ಇರಲಿಲ್ಲ."

ಈ ದೃಷ್ಟಾಂತವು ಕಲ್ಪಿತವಾದರೂ ಇಂತಹ ಪ್ರಸಂಗವು ಒದಗದ ಮನೆಯು ವಿರಳ. ಸಾವಿರ ಸಲ ಮೊಳದಷ್ಟು ದೂರದಲ್ಲಿ ಅನಾಹುತವು ತಪ್ಪುವುದು. ಒಂದು ಸಲ ತಪ್ಪದೆ ಹೋಗುವುದು. ಆದುದರಿಂದ ಮುದುಕಿಯ ಮಾತನ್ನು ಸದ್ಭಕ್ತರು ಮನಸ್ಸಿನಲ್ಲಿಟ್ಟು ವಿಚಾರ ಮಾಡತಕ್ಕದ್ದು.

ಸ್ಥಾವರ, ಜಂಗಮ ಎಂಬ ಎರಡು ಪದಗಳು ಶರಣರ ವಚನಗಳಲ್ಲಿ ಮೇಲಿಂದ ಮೇಲೆ ಬರುವುವು. ನಿಂತಲ್ಲಿ ನಿಂತಿರುವುದು ಸ್ಥಾವರ, ಚಲಿಸುವುದು ಜಂಗಮ. ಇದು ಶಬ್ದಾರ್ಥ. ಶಾಸ್ತ್ರಾರ್ಥದಲ್ಲಿ ಜಂಗಮನೆಂದರೆ ಅರಿವೇ ಮೂರ್ತಿಗೊಂಡು ಸಂಚರಿಸುವ ಮಹಾತ್ಮನು. ಎಳೆಗೂಸಿಗೆ ಆ ಪದವಿಯನ್ನು ಕಟ್ಟುವುದು ಯುಕ್ತವಲ್ಲ. ಆದರೆ ಜಂಗಮನು ಬಾಗಿಲಿಗೆ ಬಂದಾಗ ಭಕ್ತನಲ್ಲಿ ಯಾವ ಎಚ್ಚರವು ಮೂಡಬೇಕೋ ಆ ಎಚ್ಚರವನ್ನು ಅಂಬೆಗಾಲಿನ ಕೂಸು ಮನೆಯವರಿಂದ ದಿನವೆಲ್ಲ ಬೇಡುವುದು. ಗುಡಿಯ ಮೂರ್ತಿಗೆ ವೇಳೆಯನ್ನು ಗೊತ್ತುಮಾಡಬಹುದು. ಜಂಗಮನು ಬರುವುದಕ್ಕೆ ವೇಳೆಯಿಲ್ಲ. ಹಾಗೆಯೇ ತೊಟ್ಟಿಲಲ್ಲಿ ಮಲಗಿದ ಕೂಸನ್ನು ವೇಳೆಗೆ ಹಾಲೂಡಿಸಿ ಬಿಡಬಹುದು; ಹರಿದಾಡುವ ಕೂಸಿನ ಹತ್ತಿರ ಹಾಗೆ ನಡೆಯದು. ಈ ಅರ್ಥದಲ್ಲಿ ಅದು ಮನೆಯೊಳಗಿನ ಎಳೆಯ ಜಂಗಮ.

ಮಗುವಿನ ಸಲುವಾಗಿ ನಡೆಯುವ ಸಮಾರಂಭದಲ್ಲಿ ಮಗುವೇ ಮರೆತುಹೋಗುವುದು ಹೊಸದೇನಲ್ಲ. ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಮಾದರಸ ಮಾದಲಾಂಬಿಕೆಯರ ಮನೆಯಲ್ಲಿ ಬಸವಣ್ಣನವರಿಗೆ ಉಪನಯನವನ್ನು ಮಾಡಲು ಹಿರಿಯರು ಸಿದ್ಧರಾದರು. ಆ ಬಾಲಕನು ಅದನ್ನೊಪ್ಪದೆ ಕೂಡಲಸಂಗಮದ ದಾರಿ ಹಿಡಿದನೆಂದು ಪರಂಪರೆಯು ಹೇಳುವುದು. ಹಿರಿಯರಿಗೆ ಕರ್ಮವು ಸಾಂಗವಾಗಿ ಮುಗಿಯುವುದರ ಚಿಂತೆ. ಬಾಲಕನ ಮನಸ್ಸಿನಲ್ಲಿದ್ದುದು ಬೇರೆಯೇ. ಅಂದಿನ ವಿಷಯವು ದೊಡ್ಡದು, ಇಂದಿನದು ಚಿಕ್ಕದು. ಆದರೆ ಎರಡರಲ್ಲಿಯೂ ಕೇಳತಕ್ಕ ಪ್ರಶ್ನೆ ಒಂದೇ: ಇದು ಯಾರ ಸಲುವಾಗಿ ನಡೆಯುವುದು? ಎರಡು ವರ್ಷದ ಹುಡುಗನಿಗೆ ವರ್ಷದ ಲೆಕ್ಕವು ತಿಳಿಯದು. ಅವನಿಗೆ ಗೊತ್ತಾಗುವುದು ತಾಯಿಯ ತೊಡೆ, ಆಯಿಯ ದನಿ, ತಂದೆಯು ಆ ದಿನ ಅಂಗಡಿಗೆ ಹೋಗದೆ ಮನೆಯಲ್ಲಿದ್ದನೆಂಬುದು. ಸಾಲ ತಂದು ಮಾಡಿದ ಸಡಗರವು ಅವನದಲ್ಲ, ನೆಂಟರದು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯುವುದು ಉಚಿತ. ಆಕೆಯ ಪತಿ ಮಾರಯ್ಯನ ಕಾಯಕವು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆಕೆ ಸಂತೋಷಪಡಲಿಲ್ಲ. ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಬೇಕಾದುದಕ್ಕಿಂತ ಹೆಚ್ಚನ್ನು ಮನೆಗೆ ತಂದರೆ ಅದರ ಹಿಂದೆ ಆಸೆಯೂ ಬರುವುದೆಂಬುದನ್ನು ಆ ಮಹಾತಾಯಿ ಅರಿತಿದ್ದಳು. ಕೇಕು ಕೊಯ್ದರೆ ಪಾಪವೇನೂ ಇಲ್ಲ. ಸಿಹಿಯು ಯಾವ ಅಂಗಡಿಯದಾದರೂ ಸಿಹಿಯೇ. ಆದರೆ ಸಾಕೆನ್ನುವ ಗೆರೆಯನ್ನು ಲಕ್ಕಮ್ಮನಂತೆ ಮನೆಯವರೇ ಎಳೆಯಬೇಕು. ಅದನ್ನು ನೆಂಟರ ಬಾಯಿಗೆ ಬಿಡಬಾರದು. ಕೈಗಡದ ಹಣವಿಲ್ಲದೆಯೇ ದೀಪ ಹಚ್ಚಿ, ಗುರುಲಿಂಗಕ್ಕೆ ಶರಣೆಂದು, ಹಣೆಗೆ ವಿಭೂತಿಯನ್ನಿಟ್ಟು, ಆರತಿಯನ್ನೆತ್ತಿ, ಖಾಸ್ಗತೇಶ್ವರ ಮಠಕ್ಕೆ ಹೋಗಿ ಬಂದು, ಓಣಿಯ ನಾಲ್ಕು ಮಕ್ಕಳಿಗೆ ಆ ಹುಡುಗನ ಕೈಯಿಂದಲೇ ಹುಗ್ಗಿಯನ್ನು ಕೊಡಿಸಬಹುದು. ತನ್ನದನ್ನು ಇನ್ನೊಬ್ಬರಿಗೆ ನೀಡುವುದನ್ನು ಎರಡು ವರ್ಷದವನು ಉಪದೇಶದಿಂದ ಕಲಿಯುವುದಿಲ್ಲ, ಕೈಯಿಂದ ಕಲಿಯುವನು. ದಾಸೋಹದ ಓಂಕಾರವು ಅದು.

ಇನ್ನು ತಾಯಿಯ ಮಾತು. ಎರಡು ಚಿಕ್ಕ ಮಕ್ಕಳ ತಾಯಂದಿರು ಅನೇಕರು, "ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳಲು ಬಿಡುವೇ ಸಿಗದು, ನಮ್ಮ ಜನ್ಮವು ಹೀಗೆಯೇ ವ್ಯರ್ಥವಾಗುವುದೋ ಏನೋ" ಎಂದು ಕೊರಗುವುದುಂಟು. ಅವರು ಬೆಜ್ಜ ಮಹಾದೇವಿಯ ಕಥೆಯನ್ನು ಕೇಳಬೇಕು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಭೀಮಕವಿಯು 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಆಕೆಯ ಕಥೆಯು ಪ್ರಸಿದ್ಧವಾಗಿರುವುದು. ಲೋಕದಲ್ಲಿ ಎಲ್ಲರಿಗೂ ತಾಯಿಯುಂಟು, ಶಿವನೊಬ್ಬನಿಗೆ ತಾಯಿಯಿಲ್ಲವಲ್ಲಾ ಎಂದು ಆಕೆ ಮರುಗಿದಳು. ತಾಯಿಯಿದ್ದಿದ್ದರೆ ಅವನು ವಿಷವನ್ನು ಕುಡಿಯಲು ಬಿಡುತ್ತಿದ್ದಳೇ ಎಂದು ಯೋಚಿಸಿ, ತಾನೇ ಅವನಿಗೆ ತಾಯಿಯಾದಳು. ಶಿವನನ್ನು ಕೂಸೆಂದು ಬಗೆದು ಎಣ್ಣೆಯೊತ್ತಿ ಎರೆದಳು, ಉಣಿಸಿದಳು, ಆಡಿಸಿದಳು. ಶಿವನು ಅವಳನ್ನು ಪರೀಕ್ಷಿಸಲು ಬೇನೆಯ ನೆವದಿಂದ ಹಾಲನ್ನು ಮುಟ್ಟದಿರಲು ಪ್ರಾಣವನ್ನೇ ಬಿಡುವಷ್ಟು ಕಳವಳಗೊಂಡಳು. ಆಗ ಶಿವನು ಪ್ರತ್ಯಕ್ಷನಾದನು.

ಈ ಕಥೆಯ ಮರ್ಮವನ್ನು ಅರಿಯಬೇಕು. ಆಕೆಗೆ ಪೂಜೆ ಬೇರೆ, ಕೂಸಿನ ಆರೈಕೆ ಬೇರೆ ಎಂಬ ಭೇದವೇ ಉಳಿಯಲಿಲ್ಲ. ಶಿವನನ್ನು ಕೂಸಿನಂತೆ ಕಾಣಬಲ್ಲವಳಿಗೆ ಶಿವನು ಒಲಿದನೆಂದಮೇಲೆ, ಕೂಸಿನಲ್ಲಿ ಶಿವನ ಅಂಶವನ್ನು ಕಂಡು ಎರೆದು ಉಣಿಸುವ ತಾಯಿಯ ಕಾಯಕವು ವ್ಯರ್ಥವಾಗುವುದೆಂತು? ಹಾಗೆಂದು ಆಕೆಯ ಲಿಂಗಪೂಜೆಯನ್ನು ಮನೆಯವರು ಕಸಿದುಕೊಳ್ಳಬಾರದು. ಬೆಳಗಿನಲ್ಲಿ ಅರ್ಧ ತಾಸು ಗಂಡನು ಎರಡೂ ಮಕ್ಕಳನ್ನು ತನ್ನ ಹತ್ತಿರ ಇಟ್ಟುಕೊಂಡರೆ ಆಕೆ ನಿಶ್ಚಿಂತೆಯಿಂದ ಲಿಂಗವನ್ನು ಕರಸ್ಥಲದಲ್ಲಿಟ್ಟು ಕುಳಿತುಕೊಳ್ಳಬಹುದು. ಹೊರಗಿನ ಜಂಗಮರಿಗೆ ನೀಡಿ, ಮನೆಯವಳಿಗೆ ಅರ್ಧ ತಾಸನ್ನು ನೀಡದವನ ದಾಸೋಹವು ಕುಂಟುವುದು.

ಎಚ್ಚರವೆಂಬುದು ಬರಿಯ ಮಾತಾಗಬಾರದು. ಅದು ಆಚಾರಕ್ಕೆ ಬರಬೇಕು. ಬಹು ಜನ ಕೂಡಿದಲ್ಲಿ ಒಬ್ಬೊಬ್ಬರೂ ಇನ್ನೊಬ್ಬರು ನೋಡುತ್ತಿರುವರೆಂದು ತಿಳಿಯುವರು; ಮುದುಕಿಯು ಹೇಳಿದಂತೆ ಕೂಸು ಯಾರ ಕೈಯಲ್ಲಿಯೂ ಇರುವುದಿಲ್ಲ. ಆದುದರಿಂದ ಸಮಾರಂಭದ ದಿನ ಕೂಸಿಗೆ ಪಾಳಿಯನ್ನು ಕಟ್ಟತಕ್ಕದ್ದು. "ಈ ಹೊತ್ತು ಕೂಸು ನನ್ನದು" ಎಂದು ಒಬ್ಬರು ಬಾಯಿಬಿಟ್ಟು ಹೇಳಬೇಕು. ಪಾಳಿ ಮುಗಿದಾಗ ಮತ್ತೊಬ್ಬರ ಕೈಗೆ ಒಪ್ಪಿಸಿಯೇ ಏಳಬೇಕು.

ಮನೆಯ ಹಿರಿಯರು ಒಮ್ಮೆ ತಾವೇ ನೆಲದ ಮೇಲೆ ಕುಳಿತು ಕೂಸಿನ ಎತ್ತರದಿಂದ ಮನೆಯನ್ನು ನೋಡಬೇಕು. ಆಗ ನಿಂತವರಿಗೆ ಕಾಣದ ವಸ್ತುಗಳೆಲ್ಲ ಕಾಣುವುವು: ಚಾಪೆಯ ಕೆಳಗಿನ ನಾಣ್ಯ, ಚೆಲ್ಲಿದ ಶೇಂಗಾ ಮತ್ತು ಕಡಲೆಕಾಳು, ಒಡೆದ ಪುಗ್ಗೆಯ ಚೂರು, ಆಟಿಗೆಯಿಂದ ಬಿದ್ದ ಗುಂಡಿಯಂತಹ ಬ್ಯಾಟರಿ, ಗೋಡೆಯ ಬುಡದ ಪ್ಲಗ್ಗು. ಕಾಳು, ನಾಣ್ಯ, ಪುಗ್ಗೆಯ ಚೂರುಗಳು ಕೂಸಿನ ಉಸಿರನ್ನು ಕಟ್ಟಬಲ್ಲುವು. ಆ ಬ್ಯಾಟರಿಯು ಹೊಟ್ಟೆಗಿಳಿಯುವ ಮುನ್ನ ಗಂಟಲಿನಲ್ಲಿ ಸಿಕ್ಕಿಕೊಂಡರೆ ಕೆಲವೇ ತಾಸುಗಳಲ್ಲಿ ಒಳಗನ್ನು ಸುಡುವುದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬಕೀಟಿನಲ್ಲಿ ನಾಲ್ಕು ಬೆರಳಷ್ಟು ನೀರು ಉಳಿದರೂ ಕೂಸಿಗೆ ಅಪಾಯ. ಬಿಸಿ ಪಾತ್ರೆಯನ್ನು ನೆಲದ ಮೇಲೆ ಇಡಲೇಬಾರದು. ದುರ್ದೈವದಿಂದ ಸುಟ್ಟರೆ 20 ನಿಮಿಷಗಳವರೆಗೆ ಹರಿಯುವ ತಣ್ಣೀರನ್ನು ಹಾಕಿ ವೈದ್ಯರಲ್ಲಿಗೆ ಒಯ್ಯಬೇಕು. ಶಾಯಿ, ಎಣ್ಣೆ, ಟೂತ್‌ಪೇಸ್ಟುಗಳನ್ನು ಹಚ್ಚಬಾರದು. ಪ್ರೀತಿಯಿಂದ ಕೂಸಿನ ಬಾಯಿಗೆ ಜೇನು ಸವರುವ ನೆಂಟರುಂಟು. ಒಂದು ವರ್ಷ ತುಂಬುವವರೆಗೆ ಜೇನು ಸಲ್ಲದೆಂದು ವೈದ್ಯರು ಹೇಳುವರು.

ನೆಂಟರು ತರುವ ಇನ್ನೊಂದು ವಸ್ತುವೆಂದರೆ ಹೋಲಿಕೆ. "ನಮ್ಮ ಮೊಮ್ಮಗ ಇಷ್ಟರಲ್ಲಿ ನಡೆಯುತ್ತಿದ್ದ" ಎಂಬ ಮಾತು ತಾಯಿಯ ಎದೆಯನ್ನು ಚುಚ್ಚುವುದು. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕೂಸುಗಳು ಐದನೆಯ ತಿಂಗಳಿನಿಂದ ಹದಿನಾಲ್ಕನೆಯ ತಿಂಗಳ ನಡುವೆ ಯಾವಾಗಲಾದರೂ ಅಂಬೆಗಾಲಿಕ್ಕಬಹುದು. ನೂರರಲ್ಲಿ ನಾಲ್ಕು ಕೂಸುಗಳು ಅಂಬೆಗಾಲನ್ನೇ ಇಕ್ಕದೆ ಮುಂದಿನ ಮೆಟ್ಟಲಿಗೆ ಹೋಗುವುವು. ಆಸರೆಯಿಲ್ಲದೆ ನಡೆಯುವುದು ಎಂಟರಿಂದ ಹದಿನೆಂಟು ತಿಂಗಳೊಳಗೆ. ಆ ಮೇಲೂ ನಡೆಯದಿದ್ದರೆ ವೈದ್ಯರಿಗೆ ತೋರಿಸಬೇಕು. ಅಲ್ಲಿಯವರೆಗೆ ಹೋಲಿಕೆಯ ಮಾತು ಬೇಡ. ಎಳೆಯ ವಯಸ್ಸಿನ ಚೆನ್ನಬಸವಣ್ಣನವರ ಅರಿವಿಗೆ ಹಿರಿಯ ಶರಣರು ತಲೆಬಾಗಿದರು. ವಯಸ್ಸಿನ ಲೆಕ್ಕದಿಂದ ಯಾರನ್ನೂ ಅಳೆಯುವುದು ಶರಣರ ಮಾರ್ಗವಲ್ಲ.

ಕೊನೆಯದಾಗಿ ಆ ಹುಡುಗನ ವಿಚಾರ. ತಂಗಿ ಬಂದಂದಿನಿಂದ ಅವನು, "ನೀನು ದೊಡ್ಡವನು, ಬಿಡು" ಎಂಬ ಮಾತನ್ನೇ ಕೇಳುತ್ತ ಬಂದಿರುವನು. ಎರಡು ವರ್ಷದವನು ದೊಡ್ಡವನಲ್ಲ. ತಾಯಿಯ ತೊಡೆಯಲ್ಲಿ ಅವನ ಪಾಲನ್ನು ಉಳಿಸಿದರೆ ತಂಗಿಯ ಮೇಲೆ ಮತ್ಸರವು ಬೆಳೆಯದು. ಆ ದಿನ ಮೂವತ್ತು ಜನರು ಅವನನ್ನು ನೋಡುತ್ತಿದ್ದರು. ಅವನು ತಂಗಿಯನ್ನು ನೋಡುತ್ತಿದ್ದನು. ತನಗಾಗಿ ನಡೆದ ಸಂಭ್ರಮದ ನಡುವೆ ತನಗಿಂತ ಎಳೆಯದರ ಮೇಲೆ ಕಣ್ಣಿಟ್ಟಿದ್ದವನು ಅವನೊಬ್ಬನೇ. ಭಕ್ತಸ್ಥಲದ ಲಕ್ಷಣವನ್ನು ಹಿರಿಯರು ಗ್ರಂಥಗಳಲ್ಲಿ ಹುಡುಕುತ್ತಿರುವಾಗ ಅದು ಅವನ ಕೂಗಿನಲ್ಲಿ ತಾನಾಗಿ ಬಂದಿತು.

ಮುಂದಿನ ವರ್ಷ ಆ ಮನೆಯಲ್ಲಿ ಮತ್ತೆ ದೀಪ ಹಚ್ಚುವರು. ಹುಡುಗನಿಗೆ ಮೂರು ತುಂಬುವುದು. ಕೂಸು ಅಂಬೆಗಾಲನ್ನು ಬಿಟ್ಟು ಓಡುತ್ತಿರುವುದು. ಆಗ ಬರುವ ನೆಂಟರು ಕಡಿಮೆಯಾಗಬಹುದು, ಹುಗ್ಗಿಯ ಪಾತ್ರೆಯು ಚಿಕ್ಕದಾಗಬಹುದು, ಅಂಗಡಿಯ ಲೆಕ್ಕದಲ್ಲಿ ಕೈಗಡವಿಲ್ಲದಿರಬಹುದು. ಆದರೆ ಆರತಿಯನ್ನೆತ್ತುವ ಮುಂಚೆ ಮುದುಕಿಯು ಒಂದು ಮಾತನ್ನು ಕೇಳುವಳು: "ಕೂಸು ಯಾರ ಕೈಯಾಗ ಐತಿ?" ಒಬ್ಬರು, "ನನ್ನ ಕೈಯಾಗ" ಎಂದು ಉತ್ತರ ಕೊಟ್ಟ ಮೇಲೆ ಆರತಿಯು ಏಳುವುದು. ಎಲ್ಲ ಭಕ್ತರ ಮನೆಗಳಲ್ಲಿಯೂ ಈ ಪ್ರಶ್ನೆಯೂ ಈ ಉತ್ತರವೂ ಇರಲಿ. ಮಕ್ಕಳು ನೂರ್ಕಾಲ ಬಾಳಲಿ. ಇತಿ ಶಿವಂ.