ಮಸಿ ಬಳಿದ ಮುಖ ಮತ್ತು ನಮ್ಮ ನಗು

ಯಶವಂತಪುರ ದಾಟಿ ಹೆಸರಘಟ್ಟ ರಸ್ತೆ ಹಿಡಿದರೆ ಸೋಲದೇವನಹಳ್ಳಿಯ ಸುತ್ತ ಕಾಲೇಜುಗಳು ಸಿಗುತ್ತವೆ. ಆಫ್ರಿಕಾದ ಹಲವು ದೇಶಗಳ ವಿದ್ಯಾರ್ಥಿಗಳು ಅಲ್ಲಿ ಬಾಡಿಗೆ ಮನೆ ಹಿಡಿದು ಓದುತ್ತಾ ಬಂದಿದ್ದಾರೆ. 2016ರ ಜನವರಿ 31ರ ಭಾನುವಾರ ರಾತ್ರಿ ಅಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಸ್ಥಳೀಯ ಮಹಿಳೆಯೊಬ್ಬರ ಮೇಲೆ ಹರಿದು ಅವರು ತೀರಿಕೊಂಡರು. ಅವರು ನಮ್ಮ ಸಮುದಾಯದವರೇ. ಜನ ಸೇರಿದರು, ಕಾರಿಗೆ ಬೆಂಕಿ ಬಿತ್ತು. ಅಷ್ಟರಲ್ಲಿ, ಸುಮಾರು ಅರ್ಧ ಗಂಟೆಯ ನಂತರ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿನಿ ಸ್ನೇಹಿತರೊಂದಿಗೆ ಇನ್ನೊಂದು ಕಾರಿನಲ್ಲಿ ಆ ದಾರಿಗೆ ಬಂದಳು. ಗುಂಪು ಅವರನ್ನು ಎಳೆದು ಹೊಡೆಯಿತು, ಆಕೆಯ ಬಟ್ಟೆ ಹರಿಯಿತು, ಆ ಕಾರನ್ನೂ ಸುಟ್ಟಿತು. ಓಡಿ ಬಸ್ಸು ಹತ್ತಲು ಹೋದವಳನ್ನು ಒಳಗಿದ್ದವರು ಹೊರಗೆ ದಬ್ಬಿದರೆಂದೂ, ಮೈ ಮುಚ್ಚಿಕೊಳ್ಳಲು ಅಂಗಿ ಕೊಟ್ಟವನಿಗೂ ಏಟು ಬಿತ್ತೆಂದೂ ವರದಿಯಾಯಿತು.

ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದು ಅಂದಿನ ಗೃಹ ಸಚಿವರು ಹೇಳಿದರು. ಆದರೆ ಪ್ರತಿಕ್ರಿಯೆ ಕಾರು ಓಡಿಸಿದವನ ಮೇಲೆ ಮಾತ್ರ ಬಂದಿದ್ದರೆ ಆ ಮಾತನ್ನು ಹೇಗೋ ಅರ್ಥ ಮಾಡಿಕೊಳ್ಳಬಹುದಿತ್ತು. ಸುಡಾನಿಗೂ ತಾಂಜಾನಿಯಕ್ಕೂ ನಡುವೆ ಬಹಳ ದೂರ. ಭಾಷೆ ಬೇರೆ, ಒಬ್ಬ ಗಂಡು, ಒಬ್ಬಳು ಹೆಣ್ಣು. ಗುಂಪಿಗೆ ಕಂಡ ಸಂಬಂಧ ಚರ್ಮದ್ದು ಮಾತ್ರ. 'ಇವರೆಲ್ಲ ಒಂದೇ' ಎಂಬ ತೀರ್ಮಾನ ಆ ಅರ್ಧ ಗಂಟೆಯಲ್ಲಿ ಹುಟ್ಟಿದ್ದಲ್ಲ. ಅದನ್ನು ಅವರು ಎಲ್ಲಿ ಕಲಿತರು?

ಸಿನಿಮಾ ನೋಡಿ ಕಲ್ಲು ಎತ್ತಿಕೊಂಡರು ಎಂದು ನಾವು ಹೇಳುತ್ತಿಲ್ಲ. ಅಷ್ಟು ಸುಲಭವಾಗಿದ್ದರೆ ಸೆನ್ಸಾರ್ ಮಂಡಳಿಗೆ ಒಂದು ಅರ್ಜಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಯಾರ ಬಗ್ಗೆ ಪ್ರಶ್ನೆ ಕೇಳಬೇಕಾಗಿಲ್ಲ ಎಂಬುದನ್ನು ಪರದೆ ಮೆಲ್ಲಗೆ ಹೇಳಿಕೊಡುತ್ತದೆ. 2008ರಲ್ಲಿ ಬಂದ ಮಧುರ್ ಭಂಡಾರ್ಕರ್ ಅವರ 'ಫ್ಯಾಷನ್' ಚಿತ್ರವನ್ನು ನೆನಪಿಸಿಕೊಳ್ಳಿ. ಮಾಡೆಲಿಂಗ್ ಲೋಕದಲ್ಲಿ ಹೆಣ್ಣು ಹೇಗೆ ಸರಕಾಗುತ್ತಾಳೆ ಎಂಬ ಕಥೆ, ಪ್ರಶಸ್ತಿಗಳೂ ಬಂದವು. ಅದರಲ್ಲಿ ನಾಯಕಿ ತಾನು ಪಾತಾಳಕ್ಕೆ ಬಿದ್ದೆನೆಂದು ಅರಿಯುವ ಗಳಿಗೆ ಯಾವುದು? ಅಮಲಿಳಿದ ಬೆಳಿಗ್ಗೆ ಪಕ್ಕದಲ್ಲಿ ಒಬ್ಬ ಅಪರಿಚಿತ ಕಪ್ಪು ಮನುಷ್ಯನನ್ನು ಕಾಣುವ ಗಳಿಗೆ. ಅವನು ಯಾರು, ಏನು ಓದಿದವನು, ತಾಯಿ ಯಾವ ಊರಿನವಳು, ಯಾವುದೂ ನಮಗೆ ತಿಳಿಯುವುದಿಲ್ಲ. ಅವನ ಬಣ್ಣವೇ ಅವಳ ಪತನದ ಅಳತೆಗೋಲು. ಹೆಣ್ಣಿನ ಮಾನದ ಪರವಾಗಿ ಮಾತಾಡುವ ಚಿತ್ರವೇ ಇನ್ನೊಬ್ಬರ ಮಾನವನ್ನು ಇಷ್ಟು ಅಗ್ಗವಾಗಿ ಖರ್ಚು ಮಾಡಿದೆ. ನೋಡಿದಾಗ ನಮಗೂ ಇದು ಹೊಳೆದಿರಲಿಲ್ಲ.

2020ರಲ್ಲಿ 'ಖಾಲಿ ಪೀಲಿ' ಎಂಬ ಹಿಂದಿ ಚಿತ್ರದ ಹಾಡೊಂದು ಬಂತು. ಬಿಳಿ ಹುಡುಗಿಯ ಕುಣಿತ ಕಂಡರೆ ಅಮೆರಿಕದ ಕಪ್ಪು ಗಾಯಕಿ ಬಿಯಾನ್ಸೆ ಕೂಡ ನಾಚಬೇಕು ಎಂಬುದು ಅದರ ಭಾವ. ಜನ ಉಗಿದ ಮೇಲೆ ಆ ಹೆಸರನ್ನು ತೆಗೆದರು. ಅದೇ ವರ್ಷ, 1975ರಿಂದ ಮಾರಾಟದಲ್ಲಿದ್ದ 'ಫೇರ್ ಅಂಡ್ ಲವ್ಲಿ' ಕೂಡ 'ಗ್ಲೋ ಅಂಡ್ ಲವ್ಲಿ' ಆಯಿತು. ಹೆಸರು ಬದಲಾಯಿಸುವುದು ಕಷ್ಟದ ಕೆಲಸವೇನಲ್ಲ.

ಇನ್ನು ಸಂಗೀತ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಬಡ ಕೇರಿಗಳಲ್ಲಿ ಹುಟ್ಟಿದ ಹಿಪ್ ಹಾಪ್ ಈಗ ಯಲಹಂಕದ ಹುಡುಗರ ಮೊಬೈಲಿನಲ್ಲೂ ಇದೆ, ಕನ್ನಡದಲ್ಲೂ ರ‍್ಯಾಪ್ ಇದೆ. ಆ ಲಯ, ಟೋಪಿ, ಸರ ಎಲ್ಲವೂ ಬಂದವು. ಅದನ್ನು ಹುಟ್ಟಿಸಿದ ಅವಮಾನದ ಕಥೆ ಮಾತ್ರ ಬರಲಿಲ್ಲ. ಜೊತೆಗೆ, ಹೆಣ್ಣನ್ನು ಕಾರಿನ ಪಕ್ಕ ನಿಲ್ಲಿಸುವ ಅಲಂಕಾರವಾಗಿ ನೋಡುವ ಚಾಳಿ ಬಲು ಬೇಗ ಬಂತು. ಇದಕ್ಕೆ 'ಕಪ್ಪು ಸಂಸ್ಕೃತಿ'ಯನ್ನು ದೂರುವವರು ನಮ್ಮಲ್ಲಿದ್ದಾರೆ. ಅವರಿಗೆ ಒಂದು ಘಟನೆ ಹೇಳಬೇಕು. 2004ರಲ್ಲಿ ರ‍್ಯಾಪ್ ಗಾಯಕ ನೆಲ್ಲಿ, ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ತನ್ನ ಸಹೋದರಿಯಂಥವರಿಗಾಗಿ ಅಸ್ಥಿಮಜ್ಜೆ ದಾನಿಗಳನ್ನು ನೋಂದಾಯಿಸಲು ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿಗೆ ಬರುವವನಿದ್ದ. ಅದು ಕಪ್ಪು ಹೆಣ್ಣುಮಕ್ಕಳ ಕಾಲೇಜು. ಹೆಣ್ಣನ್ನು ತೀರಾ ಹೀನಾಯವಾಗಿ ತೋರಿಸಿದ ಅವನ ವೀಡಿಯೊ ಕುರಿತು ಮೊದಲು ಮಾತಾಡೋಣ ಎಂದು ವಿದ್ಯಾರ್ಥಿನಿಯರು ಕೇಳಿದರು. ಶಿಬಿರವೇ ರದ್ದಾಯಿತು. ಮರುವರ್ಷ ಅವನ ಸಹೋದರಿ ತೀರಿಕೊಂಡಳು.

ಯಾರು ಸರಿ? ಒಂದು ಜೀವದ ಎದುರು ಒಂದು ವೀಡಿಯೊ ದೊಡ್ಡದೇ ಎಂದು ಕೇಳುವುದು ಸುಲಭ. ಆ ಹುಡುಗಿಯರು ದಾನ ಕೊಡುವುದಿಲ್ಲ ಎಂದಿರಲಿಲ್ಲ, ಮಾತಿಗೆ ಕರೆದಿದ್ದರು. ನಮ್ಮ ಮಜ್ಜೆ ಬೇಕು, ನಮ್ಮ ಮಾತು ಬೇಡವೇ ಎಂಬ ಅವರ ನೋವು ನಮಗೆ ಅರ್ಥವಾಗುತ್ತದೆ. ಆದರೂ ಆ ಸಹೋದರಿಯ ಮುಖ ನೆನೆದಾಗ ನಮ್ಮ ಉತ್ತರ ಅಲ್ಲಾಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಕಪ್ಪು ಜನ ನಮಗೆ ಹೊಸಬರೂ ಅಲ್ಲ. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಪ್ರಭಾವಿ ಮಂತ್ರಿಯಾಗಿದ್ದ. ಆ ಕಾಲದ ಚಿತ್ರಕಾರರು ಅವನ ಕಪ್ಪನ್ನು ತಿಳಿ ಮಾಡದೆ, ಗೇಲಿಯನ್ನೂ ಮಾಡದೆ, ಗಾಂಭೀರ್ಯದಿಂದ ಬರೆದರು. ಹದಿನೇಳನೇ ಶತಮಾನದ ಕುಂಚಕ್ಕೆ ಸಾಧ್ಯವಾದದ್ದು ಇಂದಿನ ಕ್ಯಾಮೆರಾಕ್ಕೆ ಯಾಕೆ ಆಗುವುದಿಲ್ಲವೋ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಇಷ್ಟಾದರೂ ಅಚ್ಚ ಕನ್ನಡ ಆಡುವ ಸಿದ್ದಿಯನ್ನು ಬೆಂಗಳೂರಿನಲ್ಲಿ 'ಯಾವ ದೇಶ?' ಎಂದು ಕೇಳುವವರಿದ್ದಾರೆ.

ಇಲ್ಲಿ ನಮ್ಮ ಮನೆಯ ಮಾತು ಬರಬೇಕು. ಇಸ್ಲಾಮಿನಲ್ಲಿ ವರ್ಣಭೇದವಿಲ್ಲ ಎಂದು ವೇದಿಕೆಯಲ್ಲಿ ಹೇಳುವಾಗ ನಾವು ಹಜ್ರತ್ ಬಿಲಾಲರ ಹೆಸರು ತೆಗೆಯುತ್ತೇವೆ. ವಧು ಹುಡುಕುವಾಗ ಮೊದಲ ಷರತ್ತು ಬಿಳುಪು. ಕೆಲವು ವರ್ಷಗಳ ಹಿಂದೆ ಆರ್.ಟಿ. ನಗರದ ಕಡೆ ಪರಿಚಿತರ ಮದುವೆಗೆ ಹೋಗಿದ್ದೆವು. ಮೆಹಂದಿಯ ರಾತ್ರಿ ಹುಡುಗನೊಬ್ಬ ಮುಖಕ್ಕೆ ಮಸಿ ಬಳಿದು, ಗುಂಗುರು ಕೂದಲಿನ ಟೋಪನ್ ಹಾಕಿ, 'ಆಫ್ರಿಕಾದ ಹೆಣ್ಣಾಗಿ' ಸೊಂಟ ಕುಣಿಸಿದ. ಎಲ್ಲರೂ ನಕ್ಕರು. ನಾವೂ ನಕ್ಕೆವು. ನಗು ನಿಂತ ಮೇಲೆ ಎದುರು ಸಾಲಿನಲ್ಲಿ ಮದುಮಗಳ ಅಕ್ಕ ಕಂಡಳು. ಬಣ್ಣದ ಕಾರಣಕ್ಕೆ ಎರಡು ಸಂಬಂಧ ತಪ್ಪಿ, ತಂಗಿಯ ಮದುವೆ ಮೊದಲಾದದ್ದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳು ಮಗುವೊಂದಕ್ಕೆ ಬಿಸ್ಕತ್ತು ತಿನ್ನಿಸುತ್ತಾ ತಲೆ ತಗ್ಗಿಸಿ ಕೂತಿದ್ದಳು.

ಹಜ್ರತ್ ಅಬೂಜರ್ ಒಮ್ಮೆ ಜಗಳದಲ್ಲಿ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದರೆಂದು ಹದೀಸಿನಲ್ಲಿದೆ. ಆ ವ್ಯಕ್ತಿ ಬಿಲಾಲರೆಂದೂ, ಬೈಗುಳ ತಾಯಿಯ ಕಪ್ಪು ಬಣ್ಣದ್ದೆಂದೂ ಪರಂಪರೆ ಹೇಳುತ್ತದೆ. ಇದನ್ನು ಕೇಳಿದ ಪ್ರವಾದಿ(ಸ)ಯವರು, ನಿಮ್ಮಲ್ಲಿ ಅಜ್ಞಾನಕಾಲದ ಅಂಶ ಇನ್ನೂ ಉಳಿದಿದೆ ಎಂಬರ್ಥದಲ್ಲಿ ಗದರಿದರು. ಅಬೂಜರ್ ಸಾಮಾನ್ಯರಲ್ಲ, ಆರಂಭದಲ್ಲೇ ಇಸ್ಲಾಂ ಸ್ವೀಕರಿಸಿದ ಸಜ್ಜನರು. ಜಗಳವಾದದ್ದು ಗಂಡಸರ ನಡುವೆ, ಬೈಸಿಕೊಂಡದ್ದು ಅಲ್ಲಿಲ್ಲದ ಹೆಂಗಸು. ಬಿಲಾಲರ ಎದುರು ಅವರು ಕೆನ್ನೆಯನ್ನು ನೆಲಕ್ಕಿಟ್ಟು ಕ್ಷಮೆ ಬೇಡಿದರೆಂಬ ಕಥೆಯೂ ಪ್ರಚಲಿತವಾಗಿದೆ.

ಆ ಅಕ್ಕನ ಬಳಿ ನಾವು ಇನ್ನೂ ಕ್ಷಮೆ ಕೇಳಿಲ್ಲ. ಕೇಳಬೇಕಾದರೆ ಯಾವುದಕ್ಕೆಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಅದು ಅವಳನ್ನು ಎರಡನೇ ಸಲ ನೋಯಿಸೀತೆಂಬ ಅಳುಕು. ಅಥವಾ ಅಳುಕೆನ್ನುವುದು ನಮ್ಮದೇ ನೆಪವೂ ಇರಬಹುದು. ಕಳೆದ ರಮಝಾನಿನಲ್ಲಿ ಅವರ ಮನೆಗೆ ಇಫ್ತಾರಿಗೆ ಹೋಗಿದ್ದೆವು. ಅವಳೇ ಖರ್ಜೂರದ ತಟ್ಟೆ ತಂದಿಟ್ಟಳು. ನಾವು ಮಳೆಯ ಬಗ್ಗೆ, ಹೆಬ್ಬಾಳದ ಟ್ರಾಫಿಕ್ಕಿನ ಬಗ್ಗೆ ಮಾತಾಡಿ ಎದ್ದು ಬಂದೆವು.