ಬಿತ್ತನೆ ರಾಗಿ

2021ರಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡ ಕ್ವಾರ್ಟರ್‌ಬ್ಯಾಕ್ ಸ್ಟಾಫರ್ಡ್‌ಗಾಗಿ 2022, 2023ರ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳನ್ನೂ ಡೆಟ್ರಾಯಿಟ್‌ಗೆ ಕೊಟ್ಟುಬಿಡ್ತು. ಮುಂದಿನ ಫೆಬ್ರವರಿಯಲ್ಲೇ ಸೂಪರ್ ಬೌಲ್ ಗೆದ್ದರು. ಅದರ ಮರುಸೀಸನ್‌ನಲ್ಲಿ 17 ಪಂದ್ಯಕ್ಕೆ ಗೆದ್ದಿದ್ದು ಬರೀ 5. ಸೋತವರಿಗೆ ಒಳ್ಳೆ ಹುಡುಗರನ್ನ ಮೊದಲು ಆರಿಸೋ ಹಕ್ಕು ಕೊಡೋದೇ ಡ್ರಾಫ್ಟು. ಸೋತವರು ಇವರು, ಆ 6ನೇ ಆಯ್ಕೆ ಡೆಟ್ರಾಯಿಟ್ ಪಾಲಾಯ್ತು.

ನಮ್ಮೂರಲ್ಲಾದ್ರೆ ಬಿತ್ತನೆ ರಾಗಿ ಬೀಸಿಕೊಂಡು ಉಂಡವರು ಅಂತ ಬೈತಿದ್ರು. ನಾನು ಬೈಯಲ್ಲ. ಆರನ್ ಡೊನಾಲ್ಡ್‌ಗೆ ಆ ವರ್ಷ 30 ತುಂಬಿತ್ತು. ‘ಭವಿಷ್ಯ ಕಟ್ಟೋಣ, ಕಾಯಿ’ ಅಂದಿದ್ರೆ ಖರ್ಚಾಗ್ತಿದ್ದಿದ್ದು ಅವನ ಮೈಯ ಕಸುವು. 2024ರಲ್ಲಿ ಆತ ನಿವೃತ್ತನೂ ಆದ. ಆಯ್ಕೆ ಮಾರಿದ ಮ್ಯಾನೇಜರ್ ಸ್ನೀಡ್, ಕೋಚ್ ಮೆಕ್‌ವೇ ಆ ಸೋಲಿನ ವರ್ಷವೂ ಅಲ್ಲೇ ಇದ್ದರು. ನನಗೆ ಸಿಟ್ಟಿರೋದು, ಸಾಲ ಮಾಡಿ ಮುಂದಿನವನ ತಲೆಗೆ ಕಟ್ಟಿ ಊರು ಬಿಡೋ ಮ್ಯಾನೇಜರುಗಳ ಮೇಲೆ.